ತಂಬೂರಿಯೊಳಗಿನ ಅಂತಸ್ತುಗಳು

ಆನೇಕಲ್ ತಾಲ್ಲೂಕಿನ ಹುಸ್ಕೂರಿನಲ್ಲಿ ಮದ್ದೂರಮ್ಮನ ಜಾತ್ರೆ ಬಂತೆಂದರೆ ಸುತ್ತಲ ಊರುಗಳಿಂದ ಮರದ ತೇರುಗಳು ಹೊರಡುತ್ತವೆ. ಅಂತಸ್ತಿನ ಮೇಲೆ ಅಂತಸ್ತು ಕಟ್ಟಿ, ಹಗ್ಗ ಬಿಗಿದು ನಿಲ್ಲಿಸಿದ ತೇರುಗಳು 100 ಅಡಿಯನ್ನೂ ದಾಟುತ್ತವೆ. ಹಳ್ಳಿಯ ಜಾತ್ರೆಗಳಲ್ಲಿ ತೇರಿನ ಮುಂದೆ ಓಲಗ ಇರಲೇಬೇಕು. ನಾಗಸ್ವರದವರು ರಾಗ ಹಿಡಿದು ಏರಿಳಿಯುವಾಗ ಪಕ್ಕದಲ್ಲೊಬ್ಬರು ‘ಒತ್ತು’ ಹಿಡಿದು ಒಂದೇ ಷಡ್ಜವನ್ನು ಬಿಡದೆ ಊದುವುದು ಹಳೆಯ ಪದ್ಧತಿ. ಈಗ ಹಲವು ಕಡೆ ಒತ್ತಿನ ಜಾಗದಲ್ಲಿ ಪುಟ್ಟ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಕೂತಿದೆ.

ಆ ಪೆಟ್ಟಿಗೆಯ ತವರು ಇಲ್ಲಿಗೆ ಹತ್ತಿರವೇ. ಎಂಜಿನಿಯರ್ ಮತ್ತು ಕೊಳಲು ವಾದಕ ಜಿ. ರಾಜ್ ನಾರಾಯಣ್ ಅವರು ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿ 1979ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯ ಸಮ್ಮೇಳನದಲ್ಲಿ ಕಲಾವಿದರ ಮುಂದಿಟ್ಟರು. ಅವರು ಕಟ್ಟಿದ ರಾಡೆಲ್ ಸಂಸ್ಥೆ ಹೊಸೂರು ರಸ್ತೆಯ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಬೆಳೆಯಿತು. ಸಾಫ್ಟ್‌ವೇರಿಗೆ ಹೆಸರಾದ ಈ ಪ್ರದೇಶದಿಂದಲೇ ಮನೆಮನೆಯ ಸಂಗೀತ ಪಾಠಕ್ಕೆ ‘ಪ ಸ ಸ ಸ’ ಹೋಯಿತು. ಮಗು ಗುಂಡಿ ಒತ್ತಿದರೆ ಸಾಕು, ಶ್ರುತಿ ಸಿದ್ಧ.

ಆ ನಾಲ್ಕು ತಂತಿಯ ನಾದದಲ್ಲಿ ಇರುವುದೇನು? ನಮ್ಮ ಸಂಗೀತಶಾಸ್ತ್ರದ ಪರಂಪರೆಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ‘ಭಾರತೀಯ ಸಂಗೀತದಲ್ಲಿ ಕಾರ್ಡ್ ಇಲ್ಲ’ ಎಂಬ ಮಾತು ಪಾಠಶಾಲೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಒಂದರ ಮೇಲೊಂದು ಸ್ವರಾಂತರ ಪೇರಿಸಿ ಏಕಕಾಲಕ್ಕೆ ನುಡಿಸುವ ಸ್ವರಗುಚ್ಛ ಪಾಶ್ಚಾತ್ಯರದು, ನಮ್ಮದು ಒಂಟಿ ಎಳೆಯ ರಾಗಸಂಗೀತ ಎಂಬುದು ಅದರ ತಾತ್ಪರ್ಯ. ಇದು ಅರ್ಧ ಸತ್ಯ. ಅಂತರಗಳನ್ನು ಪೇರಿಸುವ ವಿದ್ಯೆ ಇಲ್ಲೂ ಹಳೆಯದೇ. ಅದು ಗ್ರಂಥದಲ್ಲಿ ಲೆಕ್ಕವಾಗಿ, ತಂಬೂರಿಯಲ್ಲಿ ನಾದವಾಗಿ ಎರಡು ದಾರಿ ಹಿಡಿಯಿತು. ಎರಡರಲ್ಲಿ ತಂಬೂರಿಯದೇ ಗಟ್ಟಿ ದಾರಿ.

ಮೊದಲು ಲೆಕ್ಕ. ಷಡ್ಜದ ಕಂಪನವನ್ನು 2 ಎಂದುಕೊಂಡರೆ ಪಂಚಮ 3, ತಾರಷಡ್ಜ 4. ಸ–ಪ ಅಂತರ 3/2. ಅದರ ಮೇಲೆ ಪ–ಸ ಅಂತರ 4/3 ಇಟ್ಟರೆ ಸ್ಥಾಯಿ ತುಂಬುತ್ತದೆ. ಹೀಗೆ ಚಿಕ್ಕ ಪೂರ್ಣಸಂಖ್ಯೆಗಳ ಅನುಪಾತದಲ್ಲಿ ನಿಲ್ಲುವ ಶ್ರುತಿಯನ್ನು ಶುದ್ಧ ಶ್ರುತಿ ಎನ್ನಬಹುದು. ಸ್ಥಾಯಿಯನ್ನು 1200 ಸೆಂಟ್‌ಗಳಾಗಿ ಭಾಗಿಸಿದರೆ ಶುದ್ಧ ಪಂಚಮ 702ರಲ್ಲಿ, ಶುದ್ಧ ಅಂತರ ಗಾಂಧಾರ (5/4) 386ರಲ್ಲಿ ಬೀಳುತ್ತದೆ. ಕೀಬೋರ್ಡಿನ ಸಮವಿಭಾಗದ ಶ್ರುತಿಯಲ್ಲಿ ಇವೇ 700 ಮತ್ತು 400. ಪಂಚಮದ ವ್ಯತ್ಯಾಸ ಕಿವಿಗೆ ತಿಳಿಯುವುದು ಕಷ್ಟ. ಗಾಂಧಾರದ 14 ಸೆಂಟ್ ತಂಬೂರಿಯ ಪಕ್ಕದಲ್ಲಿ ಇರುಸುಮುರುಸಾಗುವಷ್ಟು ತಿಳಿಯುತ್ತದೆ.

ಭರತನ ನಾಟ್ಯಶಾಸ್ತ್ರ ಈ ವಿದ್ಯೆಯ ಮೊದಲ ದೊಡ್ಡ ದಾಖಲೆ. ಅದು ಸ್ಥಾಯಿಯನ್ನು 22 ಶ್ರುತಿಗಳಾಗಿ ಎಣಿಸುತ್ತದೆ. 9 ಅಥವಾ 13 ಶ್ರುತಿ ದೂರದ ಸ್ವರಗಳು ಪರಸ್ಪರ ಸಂವಾದಿ ಎನ್ನುತ್ತದೆ. ಭರತ ಅನುಪಾತ ಕೊಡಲಿಲ್ಲ, ತಂತಿಯ ಉದ್ದ ಹೇಳಲಿಲ್ಲ. ಎರಡು ವೀಣೆಗಳನ್ನು ಒಂದೇ ಶ್ರುತಿಗೆ ಕೂಡಿಸಿ, ಒಂದನ್ನು ಹಾಗೇ ಇಟ್ಟು ಇನ್ನೊಂದನ್ನು ಮೆಲ್ಲಗೆ ಇಳಿಸುತ್ತ ಕಿವಿಯಿಂದಲೇ ಹೋಲಿಸುವ ಪ್ರಯೋಗ ಹೇಳಿದ. ಆ ಎಚ್ಚರ ದೊಡ್ಡದು.

ಕನ್ನಡ ನೆಲದಲ್ಲಿ ಈ ಚಿಂತನೆಗೆ ಹೊಸ ತಿರುವು ಕೊಟ್ಟವನು ವಿಜಯನಗರದ ರಾಮಾಮಾತ್ಯ. ಅಳಿಯ ರಾಮರಾಯನ ಆಶ್ರಯದಲ್ಲಿ ಅವನು 1550ರಲ್ಲಿ ಬರೆದ ‘ಸ್ವರಮೇಳಕಲಾನಿಧಿ’ ಸ್ವರಸ್ಥಾನಗಳನ್ನು ವೀಣೆಯ ಮೆಟ್ಟಿಲುಗಳ ಮೇಲೆ ತಂದು ನಿಲ್ಲಿಸಿತು. ಒಂದು ತಂತಿಯ ಸ್ವರವನ್ನು ಇನ್ನೊಂದು ತಂತಿಯ ಸಂವಾದಿಯೊಂದಿಗೆ ತಾಳೆ ನೋಡಿ ಮೆಟ್ಟಿಲು ಕೂರಿಸುವುದು ಅವನ ಕ್ರಮ. ‘ಸ್ವಯಂಭೂ’ ಸ್ವರಗಳೆಂಬ ಮಾತನ್ನೂ ಅವನು ಬಳಸುತ್ತಾನೆ. ಅವು ತಂತಿಯಿಂದ ತಾನಾಗಿ ಹುಟ್ಟುವ ಉಪನಾದಗಳು ಎಂದು ಆಧುನಿಕ ವಿದ್ವಾಂಸರಲ್ಲಿ ಕೆಲವರು ಅರ್ಥೈಸಿದ್ದಾರೆ.

ಅವನ ಕ್ರಮದ ಒಳಗೇ ಒಂದು ತೊಡಕಿದೆ. ಮೆಟ್ಟಿಲು ನಾಲ್ಕು ತಂತಿಗಳಿಗೂ ಅಡ್ಡಲಾಗಿ ಒಂದೇ. ಸ ತಂತಿಯ ಅಡಿಯಲ್ಲಿ ಸರಿಯಾದ ಜಾಗ, ಪ ತಂತಿಯ ಅಡಿಯಲ್ಲಿ ಕೂದಲೆಳೆ ತಪ್ಪಬಹುದು. ಪಂಚಮದ ಮೇಲೆ ಪಂಚಮ ನಾಲ್ಕು ಸಲ ಪೇರಿಸಿದರೆ (ಸ, ಪ, ರಿ, ದ, ಗ) ಸಿಗುವ ಗಾಂಧಾರ 81/64, ಅಂದರೆ 408 ಸೆಂಟ್. ತಂತಿ ತಾನಾಗಿ ಕೊಡುವ ಗಾಂಧಾರ 386. ನಡುವೆ 81/80ರ ಸಂದು, ಸುಮಾರು 22 ಸೆಂಟ್. ಹನ್ನೆರಡು ಪಂಚಮ ಪೇರಿಸಿದರೂ ಏಳು ಸ್ಥಾಯಿ ಸರಿಯಾಗಿ ಮುಚ್ಚದೆ ಸುಮಾರು 23 ಸೆಂಟ್ ಮೇಲೆ ಉಳಿಯುತ್ತದೆ. ಯಾವ ದೇಶದ ಶಾಸ್ತ್ರಕಾರನಿಗೂ ಈ ಸಂದಿನಿಂದ ಬಿಡುಗಡೆ ಇಲ್ಲ. ರಾಮಾಮಾತ್ಯನ ಹೆಚ್ಚುಗಾರಿಕೆ ಎಂದರೆ ಅವನು ಅದನ್ನು ವಾದ್ಯದ ಮೇಲೆ ಎದುರಿಸಿದ.

ಶಿವಗಂಗೆ ಬೆಟ್ಟದ ಬಳಿಯ ಸಾತನೂರಿನ ಪುಂಡರೀಕ ವಿಠಲ ಅದೇ ಶತಮಾನದಲ್ಲಿ, ರಾಗಗಳನ್ನು ಅವುಗಳ ಸ್ವರಗಳ ಪ್ರಕಾರ ಗುಂಪು ಮಾಡುವ ಮೇಳವಿಚಾರವನ್ನು ಬುರ್ಹಾನ್‌ಪುರದ ಆಸ್ಥಾನಕ್ಕೆ ಒಯ್ದು, ಉತ್ತರದ ರಾಗಗಳನ್ನು ದಕ್ಷಿಣದ ಚೌಕಟ್ಟಿನಲ್ಲಿ ನೋಡಿದ. 17ನೇ ಶತಮಾನದ ತಂಜಾವೂರಿನಲ್ಲಿ, ಕನ್ನಡ ಮೂಲದ ಗೋವಿಂದ ದೀಕ್ಷಿತರ ಮಗ ವೆಂಕಟಮಖಿ ‘ಚತುರ್ದಂಡಿಪ್ರಕಾಶಿಕೆ’ ಬರೆದು ರಾಮಾಮಾತ್ಯನನ್ನು ಕಟುವಾಗಿ ಖಂಡಿಸಿ 72 ಮೇಳಗಳನ್ನು ಎಣಿಸಿದ. ಪೂರ್ವಾಂಗದ 6 ಜೋಡಿ, ಉತ್ತರಾಂಗದ 6 ಜೋಡಿ, ಎರಡು ಮಧ್ಯಮ: 6×6×2. ಈ ಎಣಿಕೆ ಅದ್ಭುತವಾದ ಅಚ್ಚುಕಟ್ಟು; ಕರ್ನಾಟಕ ಸಂಗೀತಕ್ಕೆ ಅದು ಕೊಟ್ಟ ಬಲವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅಲ್ಲಿಂದ ಮುಂದೆ ಶಾಸ್ತ್ರದ ಒಲವು ಹೊಂದಿಕೆಯಿಂದ ಎಣಿಕೆಯ ಕಡೆಗೆ ವಾಲಿತು. ‘ಈ ಎರಡು ಸ್ವರ ಒಟ್ಟಿಗೆ ನುಡಿದರೆ ಹೇಗೆ ಕೇಳುತ್ತದೆ’ ಎಂಬ ಪ್ರಶ್ನೆ ಹಿಂದೆ ಸರಿಯಿತು.

20ನೇ ಶತಮಾನದಲ್ಲಿ ಆ ಎಣಿಕೆಗೆ ಭಿನ್ನರಾಶಿಗಳ ಅಂಗಿ ತೊಡಿಸಲಾಯಿತು. ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲ್ 1910ರಲ್ಲಿ 22 ಶ್ರುತಿಗಳ ಬಗ್ಗೆ ಪುಸ್ತಕ ಪ್ರಕಟಿಸಿದರು. ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಗಾಯನ ಅವರ ಅಳತೆಗೆ ಆಧಾರವಾಗಿತ್ತು. ಅಧಿಕಾರಿ ಇ. ಕ್ಲೆಮೆಂಟ್ಸ್ ಜೊತೆ ಸೇರಿ ಶ್ರುತಿ ಹಾರ್ಮೋನಿಯಂ ಮಾಡಿಸಿದರು. ನಮ್ಮ ಪಠ್ಯಗಳಲ್ಲಿ ಅಚ್ಚಾಗುವ 256/243, 16/15, 10/9, 9/8 ಎಂಬ ಸಾಲು ಇಂಥ ಪ್ರಯತ್ನಗಳ ಉತ್ತರಾಧಿಕಾರಿ. ವಿದ್ಯಾರ್ಥಿಗಳು ಅದನ್ನು ಕಂಠಪಾಠ ಮಾಡಿ ಪರೀಕ್ಷೆ ಪಾಸಾಗುತ್ತಾರೆ.

ಪಟ್ಟಿಯಲ್ಲಿ ಸೊಬಗಿದೆ, ಪುರಾವೆ ತೆಳು. 1963ರಲ್ಲಿ ಸಂಶೋಧಕರಾದ ಜೈರಾಜಭಾಯ್ ಮತ್ತು ಸ್ಟೋನ್ ಹಿಂದೂಸ್ತಾನಿ ಧ್ವನಿಮುದ್ರಣಗಳನ್ನು ಯಂತ್ರದಿಂದ ಅಳೆದಾಗ ಒಂದೇ ಸ್ವರ ಕಲಾವಿದರಿಂದ ಕಲಾವಿದರಿಗೆ, ಒಂದೇ ಗಾಯನದೊಳಗೂ ಕದಲುವುದು ಕಂಡಿತು. 2003ರಲ್ಲಿ ಅರವಿಂದ್ ಕೃಷ್ಣಸ್ವಾಮಿ ಕರ್ನಾಟಕ ಸಂಗೀತವನ್ನು ವಿಶ್ಲೇಷಿಸಿ, ಮೂಲ ಸ್ವರಾಂತರಗಳು ಹನ್ನೆರಡೇ, ಉಳಿದದ್ದು ಗಮಕದ ಚಲನೆ ಎಂದು ವಾದಿಸಿದರು. ತೋಡಿ ರಾಗದ ಗಾಂಧಾರವನ್ನು ಒಂದು ಭಿನ್ನರಾಶಿಗೆ ಕಟ್ಟಿಹಾಕಲು ಹೊರಟವರು ತೋಡಿಯನ್ನು ಸರಿಯಾಗಿ ಕೇಳಿಲ್ಲ. 22ರ ಪಟ್ಟಿಯನ್ನು ಹಾಡುವ ಸ್ವರದ ನಕ್ಷೆ ಎಂದು ಕಲಿಸುವುದು ತಪ್ಪು.

ಹಾಗಾದರೆ ಶುದ್ಧ ಶ್ರುತಿ ಬರೀ ಪುಸ್ತಕದ ಮಾತೇ? ಇಲ್ಲ. ಅದು ಇರುವ ಜಾಗ ಬೇರೆ.

ತಂಬೂರಿಯ ತಂತಿಗಳು ಪ, ಸ, ಸ, ಮಂದ್ರ ಸ. ಮಂದ್ರಷಡ್ಜವನ್ನು 2 ಎಂದರೆ ಅದರ ಉಪನಾದಗಳು 4, 6, 8, 10. ಪಂಚಮದ ತಂತಿ 3. ಅದರ ಉಪನಾದಗಳು 6, 9, 12, 15, 18. ಇವುಗಳಲ್ಲಿ 8, 10, 12, 15, 18ನ್ನು ಸಾಲಾಗಿ ಇಟ್ಟು ನೋಡಬೇಕು. ಅವೇ ಸ, ಅಂತರ ಗಾಂಧಾರ, ಪ, ಕಾಕಲಿ ನಿಷಾದ, ಮೇಲಿನ ಚತುಶ್ರುತಿ ರಿಷಭ. ಅಂತರಗಳು 5/4, 6/5, 5/4, 6/5. ದೊಡ್ಡ ಮೂರನೆಯದರ (ಮೇಜರ್ ಥರ್ಡ್) ಮೇಲೆ ಚಿಕ್ಕ ಮೂರನೆಯದು (ಮೈನರ್ ಥರ್ಡ್), ಮತ್ತೆ ದೊಡ್ಡದು, ಮತ್ತೆ ಚಿಕ್ಕದು ಎಂದು ಪಾಶ್ಚಾತ್ಯ ಸಿದ್ಧಾಂತ ಪಾಠ ಮಾಡುವ ಪೇರಿಕೆಯೇ ಇದು. ಐದು ಅಂತಸ್ತಿನ ಶುದ್ಧ ಶ್ರುತಿಯ ಸ್ವರಗುಚ್ಛ, ಎರಡೇ ಸ್ವರಕ್ಕೆ ಕೂಡಿಸಿದ ನಾಲ್ಕು ತಂತಿಗಳಿಂದ! ಯಾರೂ ಗಾಂಧಾರವನ್ನು ಮೀಟಿಲ್ಲ, ಆದರೂ ಅದು ಕೇಳುತ್ತದೆ.

ಇದಕ್ಕೆ ತಂತಿಗಳನ್ನು ಹೊತ್ತ ಕುದುರೆಯ (ಬ್ರಿಡ್ಜ್) ರಚನೆ ಕಾರಣ. ತುಸು ಬಾಗಿದ ಅಗಲ ಕುದುರೆಯ ಮೇಲೆ, ತಂತಿಯ ಅಡಿ ಒಂದು ನೂಲೆಳೆ ಸರಿಸಿ ಜೀವಾಳ ಹಿಡಿಸಿದಾಗ ಉಪನಾದಗಳು ಎದ್ದು ನಿಲ್ಲುತ್ತವೆ. ಸಿ.ವಿ. ರಾಮನ್ 1921ರ ಪ್ರಬಂಧದಲ್ಲಿ ಇದನ್ನು ವಿವರಿಸಿದರು. ಸಾಮಾನ್ಯ ತಂತಿಯನ್ನು ಒಂದು ಉಪನಾದದ ನಿಶ್ಚಲ ಬಿಂದುವಿನಲ್ಲಿ ಮೀಟಿದರೆ ಆ ಉಪನಾದ ಹುಟ್ಟಬಾರದು. ವೀಣೆ ಮತ್ತು ತಂಬೂರಿಯಲ್ಲಿ ಅದೂ ಹುಟ್ಟುತ್ತದೆ. 1933ರಲ್ಲಿ ಬೆಂಗಳೂರಿಗೆ ಬಂದ ರಾಮನ್, ಮರುವರ್ಷ ಇಲ್ಲೇ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಮೃದಂಗದ ಚರ್ಮಕ್ಕೆ ಮೆತ್ತುವ ಕಪ್ಪು ಕರಣೆ ಅದರ ಕಂಪನವನ್ನು ಪೂರ್ಣಸಂಖ್ಯೆಯ ಉಪನಾದಗಳಿಗೆ ಹೇಗೆ ತರುತ್ತದೆಂದು ಬರೆದರು. ಕುದುರೆ ಕೆತ್ತಿದ, ಕರಣೆ ಮೆತ್ತಿದ ಕುಶಲಕರ್ಮಿಗಳು ಗ್ರಂಥಕಾರರಿಗಿಂತ ಮುಂದೆ ಹೋಗಿದ್ದರು. ಶಾಸ್ತ್ರಪರಂಪರೆ ಅವರ ಕೈಕೆಲಸವನ್ನು ಸಿದ್ಧಾಂತದ ಮಟ್ಟಕ್ಕೆ ಏರಿಸದೆ ಹೋದದ್ದು ಅದರ ದೊಡ್ಡ ಕೊರತೆ.

ಕಿವಿಯ ದಾರಿಯನ್ನು ಪೂರ್ತಿ ನಂಬಿದ್ದು ಕಿರಾಣಾ ಘರಾಣೆ. ಅಬ್ದುಲ್ ಕರೀಂ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಗದಗಿನ ಭೀಮಸೇನ ಜೋಶಿ ಮತ್ತು ಧಾರವಾಡದ ಗಂಗೂಬಾಯಿ ಹಾನಗಲ್ ಅವರಿಗೆ ಬಂದ ಈ ಹಾದಿಯಲ್ಲಿ ತಂಬೂರಿ ಕೂಡಿಸುವುದೇ ಮೊದಲ ಸಾಧನೆ. ಅದೇ ಘರಾಣೆಯ ಇನ್ನೊಂದು ಕವಲಿನ ಪ್ರಾಣನಾಥರು 1970ರಲ್ಲಿ ನ್ಯೂಯಾರ್ಕಿಗೆ ಹೋದಾಗ, ಶುದ್ಧ ಶ್ರುತಿಯಲ್ಲಿ ಪಿಯಾನೋ ಕೂಡಿಸಿ ದೀರ್ಘ ಕೃತಿ ಕಟ್ಟುತ್ತಿದ್ದ ಲಾ ಮಾಂಟ್ ಯಂಗ್ ಪ್ರಾಣನಾಥರ ಶಿಷ್ಯರಾದರು. ಹ್ಯಾರಿ ಪಾರ್ಚ್ 43 ಸ್ವರಗಳ ಸ್ಥಾಯಿಗೆ ತಾವೇ ವಾದ್ಯ ಕಟ್ಟಿ ದುಡಿದ ದೇಶದಲ್ಲಿ, ತಂಬೂರಿ ಕೇವಲ ಪಕ್ಕವಾದ್ಯವಾಗಿ ಉಳಿಯದೆ ಸಿದ್ಧಾಂತದ ಗುರುವಾಯಿತು.

ತಂಬೂರಿಯ ಈ ಗುಚ್ಛಕ್ಕೆ ಒಂದು ಶರತ್ತಿದೆ: ಬುನಾದಿ ಕದಲಬಾರದು. ಮೋಹನ ರಾಗವನ್ನೇ ತೆಗೆದುಕೊಳ್ಳಿ. ತಂಬೂರಿಗೆ ಹೊಂದಿಸಿದರೆ ರಿ 9/8, ಗ 5/4, ಪ 3/2, ದ 5/3. ಗ್ರಹಭೇದ ಮಾಡಿ ರಿಷಭವನ್ನು ಷಡ್ಜ ಎಂದುಕೊಂಡರೆ ಮಧ್ಯಮಾವತಿ ಬರುತ್ತದೆ ಎಂದು ಪುಸ್ತಕ ಹೇಳುತ್ತದೆ. ಆದರೆ ಆಗ ಪಂಚಮವಾಗುವ ರಿ–ದ ಅಂತರ 40/27, ಕೇವಲ 680 ಸೆಂಟ್. ಅದು ಶುದ್ಧ ಪಂಚಮಕ್ಕಿಂತ 22 ಸೆಂಟ್ ಕುಗ್ಗಿದ್ದು. ಗಾಯಕರು ಅರಿಯದೆಯೇ ಧೈವತವನ್ನು ತುಸು ಏರಿಸಿ ಮಧ್ಯಮಾವತಿಯನ್ನು ನಿಲ್ಲಿಸುತ್ತಾರೆ. ಗ್ರಹಭೇದದ ಕೋಷ್ಟಕಗಳು ಈ ಸೂಕ್ಷ್ಮವನ್ನು ಹೇಳುವುದೇ ಇಲ್ಲ.

ಕಾರ್ಡ್‌ಗಳ ನಡಿಗೆಯಲ್ಲೂ ಇದೇ ಕಥೆ. ಸ-ಗ-ಪದಿಂದ ದ-ಸ-ಗಕ್ಕೆ, ಅಲ್ಲಿಂದ ರಿ-ಮ-ದ, ಪ-ನಿ-ರಿ ಮುಟ್ಟಿ ಮತ್ತೆ ಸ-ಗ-ಪಕ್ಕೆ ಬಂದರೆ, ಪ್ರತಿ ಹೆಜ್ಜೆಯಲ್ಲೂ ಸಮಾನ ಸ್ವರವನ್ನು ಹಿಡಿದು ಶುದ್ಧವಾಗಿ ಪೇರಿಸಿದವರ ಷಡ್ಜ ಮೊದಲಿಗಿಂತ 81/80ರಷ್ಟು ಕೆಳಗೆ ಜಾರಿರುತ್ತದೆ. ಯುರೋಪು ಆ ನಡಿಗೆಯನ್ನು ಉಳಿಸಿಕೊಳ್ಳಲು ಗಾಂಧಾರದ ಶುದ್ಧತೆಯನ್ನು ಬಿಟ್ಟುಕೊಟ್ಟಿತು. ನಮ್ಮ ಪರಂಪರೆ ಷಡ್ಜವನ್ನು ನೆಟ್ಟು, ನಡಿಗೆಯನ್ನು ರಾಗಕ್ಕೆ ಬಿಟ್ಟಿತು. ಎರಡೂ ಘನವಾದ ಆಯ್ಕೆಗಳು. ಒಂದರ ಲಾಭವನ್ನು ಇನ್ನೊಂದರ ಬೆಲೆ ಕೊಡದೆ ಪಡೆಯಲಾಗದು. ಮೈಸೂರಿನ ಜಯಚಾಮರಾಜ ಒಡೆಯರು ರಷ್ಯದ ಮೆಟ್ನರ್‌ನ ಸಂಗೀತದ ಧ್ವನಿಮುದ್ರಣಕ್ಕೆ 1940ರ ದಶಕದ ಕೊನೆಯಲ್ಲಿ ಹಣ ಒದಗಿಸಿದವರು, 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೂ ಹೌದು. ಎರಡನ್ನೂ ಬಲ್ಲ ಅವರು ಕೃತಿಗಳನ್ನು ರಾಗದ ಕಟ್ಟಿನಲ್ಲೇ ಇಟ್ಟರು.

ಈ ಬೆಲೆಯ ಅರಿವಿಲ್ಲದ ಬೆರಕೆಯೇ ಇಂದಿನ ತೊಂದರೆ. ಕೀಬೋರ್ಡಿನಂತೆಯೇ ಸಮವಿಭಾಗದ ಶ್ರುತಿಯ ಹಾರ್ಮೋನಿಯಂ ಅನ್ನು ಆಕಾಶವಾಣಿ 1940ರಲ್ಲಿ ನಿಷೇಧಿಸಿ ಸುಮಾರು ಮೂರು ದಶಕ ಹೊರಗಿಟ್ಟದ್ದು ಅತಿರೇಕ. ಆದರೂ ಆ ಚರ್ಚೆಯಲ್ಲಿ ಕಿವಿಯ ಕಾಳಜಿ ಇತ್ತು. ಈಗ ಚಂದಾಪುರ, ಅತ್ತಿಬೆಲೆ, ಎಲೆಕ್ಟ್ರಾನಿಕ್ ಸಿಟಿಯ ಮಕ್ಕಳು ಸಂಜೆ ಕೀಬೋರ್ಡ್ ತರಗತಿಗೂ ಗಾಯನ ಪಾಠಕ್ಕೂ ಹೋಗುತ್ತಾರೆ. ಒಂದೇ ಮೋಹನದ ಗಾಂಧಾರ ಒಂದು ಕಡೆ 400, ಇನ್ನೊಂದು ಕಡೆ 386. ಯಾಕೆಂದು ಹೇಳುವವರು ವಿರಳ.

ಎಲೆಕ್ಟ್ರಾನಿಕ್ ತಂಬೂರಿಯನ್ನು ದೂರುವುದು ನ್ಯಾಯವಲ್ಲ. ನಾಲ್ಕಡಿಯ ತಂಬೂರಿ ಇಡಲು ಜಾಗವಿಲ್ಲದ ಮನೆಗೂ, ಹೊತ್ತು ತಿರುಗಲಾಗದ ಓಲಗದವರಿಗೂ ಅದು ಷಡ್ಜ ಕೊಟ್ಟಿತು. ಅದರಿಂದ ಕಳೆದುಹೋದದ್ದು ಒಂದು ಅಭ್ಯಾಸ: ಬಿರಡೆ ತಿರುಗಿಸಿ, ಮಣಿ ಸರಿಸಿ, ಎರಡು ತಂತಿಗಳ ನಡುವಿನ ಅಲೆ ನಿಧಾನವಾಗಿ ನಿಲ್ಲುವವರೆಗೆ ಕಾಯುವುದು. ಶ್ರುತಿಶಾಸ್ತ್ರ ಎಂದರೆ ಆ ಕಾಯುವಿಕೆಯೇ. 22 ಹೆಸರುಗಳು ಅದರ ನಂತರ ಬರಬೇಕಾದವು.

ಆದ್ದರಿಂದ ಸಂಗೀತ ಕಲಿಸುವವರಲ್ಲಿ ಒಂದು ಕೋರಿಕೆ. ವಾರಕ್ಕೊಮ್ಮೆ ಪೆಟ್ಟಿಗೆಯ ದನಿ ನಿಲ್ಲಿಸಿ, ಒಂದು ಹಳೆಯ ತಂಬೂರಿಯನ್ನು ಮಗುವಿನ ಕೈಗೆ ಕೊಡಿ. ಪಂಚಮವನ್ನು ಅದೇ ಕೂಡಿಸಲಿ. ಮಂದ್ರದ ತಂತಿ ಮೀಟಿ, ಯಾರೂ ನುಡಿಸದ ಗಾಂಧಾರವನ್ನು ಅದೇ ಹುಡುಕಿ ಹಾಡಲಿ. 5/4 ಎಂಬ ಅಂಕಿಯನ್ನು ಕಪ್ಪುಹಲಗೆಯ ಮೇಲೆ ಬರೆಯುವುದು ಆಮೇಲೆ.