ಪಂಚಾಂಗದ ಪದ, ದೂರದರ್ಶಕದ ಅರ್ಥ: ಕರಾವಳಿಯಲ್ಲಿ ಖಗೋಳವಿಜ್ಞಾನದ ಕನ್ನಡ

ಕನ್ನಡದ ವಿಜ್ಞಾನ ಸಾಹಿತ್ಯವನ್ನು ಕುರಿತ ಚರ್ಚೆಗಳು ಬಹುಮಟ್ಟಿಗೆ ಪಾರಿಭಾಷಿಕ ಪದಗಳ ಕೊರತೆಯ ಸುತ್ತಲೇ ನಡೆದಿವೆ. ಪದಗಳಿಲ್ಲ, ಆದ್ದರಿಂದ ವಿಷಯ ಜನರನ್ನು ಮುಟ್ಟುವುದಿಲ್ಲ ಎಂಬುದು ಆ ಚರ್ಚೆಗಳ ಸಾಮಾನ್ಯ ನಿಲುವು. ರಸಾಯನವಿಜ್ಞಾನಕ್ಕೋ ತಳಿವಿಜ್ಞಾನಕ್ಕೋ ಈ ಮಾತು ಒಪ್ಪಬಹುದು. ಆದರೆ ಖಗೋಳವಿಜ್ಞಾನದ ಸ್ಥಿತಿ ಇದಕ್ಕೆ ವಿರುದ್ಧವಾದುದು. ಗ್ರಹ, ನಕ್ಷತ್ರ, ರಾಶಿ, ಗ್ರಹಣ, ಸಂಕ್ರಮಣ, ಅಯನ ಮುಂತಾದ ಪದಗಳು ಅಕ್ಷರ ಬಾರದವರ ಮಾತಿನಲ್ಲಿಯೂ ಇವೆ. ಇಲ್ಲಿನ ತೊಡಕು ಪದಗಳ ಬಡತನದಿಂದಲ್ಲ, ಸಮೃದ್ಧಿಯಿಂದ ಉಂಟಾದುದು. ವಿಜ್ಞಾನ ಲೇಖಕನು ಬಳಸಬೇಕಾದ ಪ್ರತಿಯೊಂದು ಪದಕ್ಕೂ ಪಂಚಾಂಗವು ಮೊದಲೇ ಒಂದು ಅರ್ಥವನ್ನು ಕೊಟ್ಟಿದೆ. ಮಂಗಳೂರನ್ನು ಕೇಂದ್ರವಾಗಿಟ್ಟುಕೊಂಡು, ಕರಾವಳಿಯ ಓದುಗರನ್ನು ಖಗೋಳ ಸಂಶೋಧನೆಯ ಫಲಗಳು ತಲುಪಿರುವ ಬಗೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಆಡುಮಾತಿನಲ್ಲಿರುವ ಆಕಾಶ

ತುಳುನಾಡಿನ ವರ್ಷ ಸೌರಮಾನದ್ದು. ಪಗ್ಗು, ಬೇಶ, ಕಾರ್ತೆಲ್, ಆಟಿ, ಸೋಣ ಎಂದು ಸಾಗುವ ಹನ್ನೆರಡು ತಿಂಗಳುಗಳೂ ಸೂರ್ಯನು ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟುವ ಸಂಕ್ರಮಣವನ್ನು ಅನುಸರಿಸುತ್ತವೆ. ವರ್ಷದ ಮೊದಲ ದಿನ ಬಿಸು. ಈ ಪದದ ಮೂಲವಾದ ‘ವಿಷುವ’ವು ಹಗಲು ಇರುಳುಗಳು ಸಮವಾಗುವ ದಿನವನ್ನು ಸೂಚಿಸುತ್ತದೆ. ಆದರೆ ಹಗಲಿರುಳುಗಳು ಸಮವಾಗುವುದು ಮಾರ್ಚ್ 20 ಅಥವಾ 21ರ ಸುಮಾರಿಗೆ. ಬಿಸು ಬರುವುದು ಏಪ್ರಿಲ್ 14 ಅಥವಾ 15ರಂದು. ಇವುಗಳ ನಡುವೆ ಸುಮಾರು 24 ದಿನಗಳ ಅಂತರವಿದೆ.

ಈ ಅಂತರ ಯಾರದೋ ಲೆಕ್ಕದ ತಪ್ಪಿನಿಂದ ಆದುದಲ್ಲ. ಭೂಮಿಯ ಅಕ್ಷವು ತಿರುಗುವ ಬುಗುರಿಯ ತಲೆಯಂತೆ ಮೆಲ್ಲನೆ ಓಲಾಡುತ್ತ ಸುಮಾರು 26,000 ವರ್ಷಗಳಿಗೆ ಒಂದು ಸುತ್ತನ್ನು ಪೂರೈಸುತ್ತದೆ. ಅದರಿಂದಾಗಿ ವಿಷುವ ಬಿಂದುವು ನಕ್ಷತ್ರಗಳ ಹಿನ್ನೆಲೆಯಲ್ಲಿ 72 ವರ್ಷಗಳಿಗೆ ಸುಮಾರು ಒಂದು ಡಿಗ್ರಿಯಂತೆ ಹಿಂದಕ್ಕೆ ಸರಿಯುತ್ತದೆ. ನಕ್ಷತ್ರಗಳಿಗೆ ಕಟ್ಟಿಹಾಕಿದ ಬಿಸುವು ಋತುಗಳಿಗೆ ಸೇರಿದ ವಿಷುವದಿಂದ ಹೀಗೆ ಬೇರ್ಪಟ್ಟಿತು. ಭಾರತೀಯ ಗಣಿತಜ್ಞರು ಈ ಚಲನೆಯನ್ನು ಅರಿತಿದ್ದರು. ‘ಅಯನಾಂಶ’ ಎಂಬ ಹೆಸರಿನಲ್ಲಿ ಅದರ ಬೆಲೆಯನ್ನು ಪಂಚಾಂಗಗಳು ಇಂದಿಗೂ ಅಚ್ಚುಮಾಡುತ್ತವೆ. ಖಗೋಳವಿಜ್ಞಾನದ ಒಂದು ಮಹತ್ವದ ಶೋಧವು ಹೀಗೆ ಮನೆಮನೆಯ ಗೋಡೆಯ ಮೇಲೆ ತೂಗುತ್ತಿದ್ದರೂ ಅದನ್ನು ಓದುವವರು ವಿರಳ.

ಮಳೆ ನಕ್ಷತ್ರಗಳ ವಿಷಯದಲ್ಲಿಯೂ ಇದೇ ಮಾತನ್ನು ಹೇಳಬಹುದು. ರೋಹಿಣಿ, ಮೃಗಶಿರ, ಆರ್ದ್ರಾ, ಪುನರ್ವಸು ಎಂದು ಕೃಷಿಕನು ಹದಿಮೂರು ಹದಿನಾಲ್ಕು ದಿನಗಳ ಅವಧಿಯಲ್ಲಿ ಮಳೆಯನ್ನು ಎಣಿಸುತ್ತಾನೆ. ಸೂರ್ಯನು 27 ನಕ್ಷತ್ರ ವಿಭಾಗಗಳನ್ನು ಒಂದು ವರ್ಷದಲ್ಲಿ ದಾಟುವುದರಿಂದ ಒಂದೊಂದರ ಪಾಲಿಗೆ ಬರುವ ಕಾಲವಿದು. ಜೂನ್ 22ರ ಸುಮಾರಿಗೆ ಆರಂಭವಾಗುವ ಆರ್ದ್ರಾ ಮಳೆಯ ದಿನಗಳಲ್ಲಿ ಆರ್ದ್ರಾ ನಕ್ಷತ್ರ ಆಕಾಶದಲ್ಲಿ ಕಾಣುವುದೇ ಇಲ್ಲ. ಅದು ಸೂರ್ಯನ ದಿಕ್ಕಿನಲ್ಲಿಯೇ ಇದ್ದು ಹಗಲಿನ ಬೆಳಕಿನಲ್ಲಿ ಮುಳುಗಿಹೋಗಿರುತ್ತದೆ. ಮಳೆಗೆ ಹೆಸರು ಕೊಟ್ಟ ನಕ್ಷತ್ರವನ್ನು ಕಣ್ಣಾರೆ ಕಾಣಲು ಡಿಸೆಂಬರಿನ ಇರುಳಿನವರೆಗೆ ಕಾಯಬೇಕು. ಹೆಸರು ತಿಳಿದಿರುವುದಕ್ಕೂ ವಸ್ತುವನ್ನು ಕಂಡಿರುವುದಕ್ಕೂ ನಡುವೆ ಇರುವ ದೂರಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯಲಾರದು.

2. ಇಬ್ಬರು ಲೇಖಕರು, ಎರಡು ಮಾರ್ಗಗಳು

ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ ಹೊರತಂದ ‘ವಿಜ್ಞಾನ’ ಪತ್ರಿಕೆ, ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಆರ್.ಎಲ್. ನರಸಿಂಹಯ್ಯನವರ ‘ಜಗತ್ತುಗಳ ಹುಟ್ಟು ಸಾವು’ ಇವು ಮೈಸೂರು ಸೀಮೆಯಲ್ಲಿ ಬೆಳೆದ ಪರಂಪರೆಗೆ ಸೇರಿದವು. ಆ ಪರಂಪರೆಗೆ ಕಾಲೇಜಿನ ಆಶ್ರಯವಿತ್ತು. ಕರಾವಳಿಯ ಕೆಲಸ ಇದಕ್ಕಿಂತ ಭಿನ್ನವಾದ ರೀತಿಯಲ್ಲಿ ಆರಂಭವಾಯಿತು.

ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರು ಯಾವ ವಿಜ್ಞಾನ ವಿಭಾಗಕ್ಕೂ ಸೇರಿದವರಲ್ಲ. ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನು ರಚಿಸಿದ ಅವರು 1959ರಿಂದ ಮೊದಲ್ಗೊಂಡು ‘ವಿಜ್ಞಾನ ಪ್ರಪಂಚ’ವನ್ನು ನಾಲ್ಕು ಸಂಪುಟಗಳಲ್ಲಿ ಏಕಾಂಗಿಯಾಗಿ ಪೂರೈಸಿದರು. ಇಲ್ಲಿ ವಿಷಯವನ್ನು ನಿರೂಪಿಸುವವನು ತಾನೇ ಕುತೂಹಲದಿಂದ ಓದಿ ತಿಳಿದವನು. ಆದ್ದರಿಂದ ಓದುಗನ ಅಜ್ಞಾನ ಅವನಿಗೆ ಅಪರಿಚಿತವಲ್ಲ. ಅವನು ಕಲಿತವನಾಗಿ ಕಲಿಯುವವನಿಗೆ ಹೇಳುತ್ತಾನೆಯೇ ಹೊರತು ಪಂಡಿತನಾಗಿ ಪಾಮರನಿಗೆ ಬೋಧಿಸುವುದಿಲ್ಲ. ಈ ಮಾರ್ಗದ ಶಕ್ತಿ ಇರುವುದು ಅದರ ವಿಸ್ತಾರದಲ್ಲಿ. ಒಂದೊಂದು ಶೋಧವನ್ನೂ ಅದು ಸಿದ್ಧಪಟ್ಟ ಬಗೆಯೊಡನೆ ಹಿಂಬಾಲಿಸಲು ಆ ವಿಸ್ತಾರವೇ ಅವಕಾಶ ಕೊಡದಿರುವುದು ಅದರ ಮಿತಿ. ವಿಶ್ವಕೋಶ ಸ್ವರೂಪದ ಯಾವ ಕೃತಿಯೂ ಈ ಮಿತಿಯಿಂದ ಪೂರ್ಣವಾಗಿ ಪಾರಾಗಲಾರದು.

ಜಿ.ಟಿ. ನಾರಾಯಣರಾಯರು (1926–2008) ಹಿಡಿದ ದಾರಿ ಬೇರೆ. ಮಡಿಕೇರಿಯಲ್ಲಿ ಹುಟ್ಟಿ, ಗಣಿತದ ಅಧ್ಯಾಪಕರಾಗಿ, ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದಲ್ಲಿ ವಿಜ್ಞಾನ ವಿಭಾಗದ ಹೊಣೆ ಹೊತ್ತ ಅವರ ಹಲವು ಕೃತಿಗಳು ಮಂಗಳೂರಿನ ಅತ್ರಿ ಬುಕ್ ಸೆಂಟರಿನ ಮೂಲಕ ಓದುಗರನ್ನು ಸೇರಿದವು. 1975ರಿಂದ 2012ರವರೆಗೆ ನಡೆದ ಆ ಪುಸ್ತಕ ಮಳಿಗೆ ಕರಾವಳಿಯಲ್ಲಿ ಕನ್ನಡದ ವಿಜ್ಞಾನ ಗ್ರಂಥಗಳಿಗೆ ಒಂದು ನೆಲೆಯಾಗಿತ್ತು. ‘ನಕ್ಷತ್ರ ವೀಕ್ಷಣೆ’ ಎಂಬ ಕೃತಿಯ ಹೆಸರಿನಲ್ಲಿಯೇ ಲೇಖಕರ ನಿಲುವು ವ್ಯಕ್ತವಾಗುತ್ತದೆ. ಜನ್ಮನಕ್ಷತ್ರವಾಗಿ ಜಾತಕದಲ್ಲಿ ಸೇರಿಹೋಗಿದ್ದ ಪದವನ್ನು ಅವರು ‘ವೀಕ್ಷಣೆ’ಯೊಡನೆ ಜೋಡಿಸಿ ಮತ್ತೆ ಆಕಾಶಕ್ಕೆ ಕಳುಹಿಸಿದರು. ನಕ್ಷತ್ರವೆಂದರೆ ಕಂಡು ಗುರುತಿಸಬೇಕಾದ ವಸ್ತು, ಕೇಳಿ ಹೆದರಬೇಕಾದ ಶಕ್ತಿಯಲ್ಲ ಎಂಬ ವಾದವನ್ನು ಅವರು ಖಂಡನೆಯ ಮಾತಿಗಿಂತ ಹೆಚ್ಚಾಗಿ ಈ ಬಗೆಯ ಪದಯೋಜನೆಯಿಂದಲೇ ಸಾಧಿಸಿದರು. ಜ್ಯೋತಿಷ್ಯದ ವಿರುದ್ಧ ಅವರು ನೇರವಾಗಿಯೂ ಬರೆದುದುಂಟು. ಆದರೆ ಓದುಗನನ್ನು ಅಂಗಳಕ್ಕೆ ಕರೆತರುವ ಅವರ ಬರಹದ ಪರಿಣಾಮ ಹೆಚ್ಚು ಕಾಲ ಉಳಿಯುವಂಥದು.

3. ‘ವಿವರ’ ಎಂಬ ಪದದ ವಿವರ

ನಾರಾಯಣರಾಯರ ಗದ್ಯ ಸಂಸ್ಕೃತಭೂಯಿಷ್ಠವಾದುದು. ಅವರ ಇನ್ನೊಂದು ಕೃತಿಯ ಹೆಸರು ‘ಕೃಷ್ಣವಿವರಗಳು’. ಸಂಸ್ಕೃತದಲ್ಲಿ ‘ವಿವರ’ ಎಂದರೆ ರಂಧ್ರ, ಬಿಲ. ಆ ಭಾಷೆಯ ಸಂಸ್ಕಾರವುಳ್ಳವರಿಗೆ ಈ ಪದ ಚೊಕ್ಕವಾದುದು, ಗಂಭೀರವಾದುದು. ಆದರೆ ಕನ್ನಡದಲ್ಲಿ ‘ವಿವರ’ ಎಂಬುದಕ್ಕೆ ರೂಢಿಯಲ್ಲಿರುವ ಅರ್ಥ ವಿಸ್ತಾರವಾದ ಮಾಹಿತಿ ಎಂದು. ‘ಕೃಷ್ಣ’ ಎಂಬುದಾದರೋ ಮೊದಲು ದೇವರ ಹೆಸರು, ಬಳಿಕ ಬಣ್ಣ. ಪದವನ್ನು ಮೊದಲ ಬಾರಿಗೆ ಎದುರಿಸುವ ಓದುಗನು ಕಪ್ಪುರಂಧ್ರವನ್ನು ಕಲ್ಪಿಸಿಕೊಳ್ಳುವ ಬದಲು ಕೃಷ್ಣನ ವೃತ್ತಾಂತವನ್ನು ನಿರೀಕ್ಷಿಸಿದರೆ ಅವನ ತಪ್ಪೇನೂ ಇಲ್ಲ. ಪದ ಶುದ್ಧವಾಗಿದ್ದೂ ಸಂವಹನ ಸೋಲುವುದೆಂದರೆ ಹೀಗೆ.

ಹಾಗೆಂದು, ಈಚಿನ ದಶಕಗಳಲ್ಲಿ ಪತ್ರಿಕೆಗಳು ರೂಢಿಗೆ ತಂದಿರುವ ‘ಕಪ್ಪುಕುಳಿ’ ದೋಷರಹಿತವೆಂದು ಹೇಳುವಂತಿಲ್ಲ. ಅದು ತಟ್ಟನೆ ಅರ್ಥವಾಗುತ್ತದೆ. ತಟ್ಟನೆ ತಪ್ಪಾಗಿಯೂ ಅರ್ಥವಾಗುತ್ತದೆ. ಕುಳಿಗೆ ತಳವುಂಟು, ಅಂಚುಂಟು, ಅದು ನೆಲದಲ್ಲಿರುತ್ತದೆ. ಬೆಳಕೂ ಮರಳಿ ಬಾರದಷ್ಟು ಗುರುತ್ವವುಳ್ಳ ಕಾಯವೊಂದನ್ನು ಕುಳಿ ಎಂದೊಡನೆ ಓದುಗನ ಮನಸ್ಸಿನಲ್ಲಿ ಮೂಡುವ ಚಿತ್ರ ಕಾಯದ್ದಲ್ಲ, ಹಳ್ಳದ್ದು. 2019ರ ಏಪ್ರಿಲ್ 10ರಂದು ಪ್ರಕಟವಾದ ಎಂ 87 ಗೆಲಾಕ್ಸಿಯ ಕೇಂದ್ರದ ಚಿತ್ರದಲ್ಲಿ ಕಂಡುದು ಒಂದು ಉಜ್ವಲ ಉಂಗುರ ಮತ್ತು ಅದರ ನಡುವಣ ನೆರಳು. ಸುಮಾರು 5.5 ಕೋಟಿ ಜ್ಯೋತಿರ್ವರ್ಷ ದೂರದಲ್ಲಿರುವ ಆ ಕಾಯದ ದ್ರವ್ಯರಾಶಿ ಸೂರ್ಯನ ದ್ರವ್ಯರಾಶಿಯ ಸುಮಾರು 650 ಕೋಟಿ ಪಟ್ಟು. ‘ಕುಳಿ’ ಎಂಬ ಪದ ಈ ಭಾರದ ಸುಳಿವನ್ನು ಕೊಡುವುದಿಲ್ಲ. ‘ಜ್ಯೋತಿರ್ವರ್ಷ’ದ ಕಥೆಯೂ ಇಂಥದೇ. ‘ವರ್ಷ’ವೆಂಬ ಉತ್ತರಪದದಿಂದಾಗಿ ಅದನ್ನು ಕಾಲದ ಅಳತೆಯೆಂದು ಭಾವಿಸುವವರೇ ಹೆಚ್ಚು, ಅದು ಸುಮಾರು 9.46 ಲಕ್ಷ ಕೋಟಿ ಕಿಲೋಮೀಟರಿನ ದೂರ.

ಸಂಸ್ಕೃತ ಪದವೋ ಅಚ್ಚಗನ್ನಡ ಪದವೋ ಎಂಬ ಹಳೆಯ ವಿವಾದ ಈ ನಿದರ್ಶನಗಳ ಎದುರಿನಲ್ಲಿ ಅಪ್ರಸ್ತುತವಾಗುತ್ತದೆ. ಯಾವ ಪದವೂ ತಾನಾಗಿ ಶೋಧವನ್ನು ತಲುಪಿಸಲಾರದು. ಪದವು ತರುವ ತಪ್ಪು ಚಿತ್ರವನ್ನು ಲೇಖಕನು ಮೊದಲೇ ಊಹಿಸಿ, ಮುಂದಿನ ವಾಕ್ಯದಲ್ಲಿಯೇ ಅದನ್ನು ತಿದ್ದಿದನೇ ಎಂಬುದೊಂದೇ ಇಲ್ಲಿ ಕೇಳತಕ್ಕ ಪ್ರಶ್ನೆ. ಕನ್ನಡದ ಖಗೋಳ ಬರಹವನ್ನು ವಿಮರ್ಶೆಯು ಅಳೆಯಬೇಕಾದ ಮಾನದಂಡ ಇದು.

4. ಆರ್ದ್ರೆಯ ಮಂಕು

2019ರ ಕೊನೆಯ ತಿಂಗಳುಗಳಲ್ಲಿ ಆರ್ದ್ರಾ ನಕ್ಷತ್ರ ಅಸಾಮಾನ್ಯವಾಗಿ ಮಂಕಾಗತೊಡಗಿತು. 2020ರ ಫೆಬ್ರವರಿಯ ಹೊತ್ತಿಗೆ ಬರಿಗಣ್ಣಿಗೂ ಎದ್ದುಕಾಣುವಷ್ಟು ಅದರ ಕಾಂತಿ ಕುಗ್ಗಿತ್ತು. ಅದು ಜೀವಿತದ ಅಂತ್ಯಕ್ಕೆ ಸಮೀಪಿಸಿರುವ ಕೆಂಪು ಮಹಾದೈತ್ಯ. ಖಗೋಳದ ಕಾಲಮಾನದಲ್ಲಿ ಬೇಗನೆ ಸೂಪರ್ನೋವಾ ಆಗಿ ಸಿಡಿಯಬಹುದಾದುದು. ಆದ್ದರಿಂದ ಸ್ಫೋಟ ಸನ್ನಿಹಿತವೇ ಎಂಬ ಊಹೆ ಜಗತ್ತಿನಾದ್ಯಂತ ಹಬ್ಬಿತು. ಆದರೆ ಆ ವಸಂತದಲ್ಲಿಯೇ ಅದರ ಕಾಂತಿ ಮರಳಿತು. ನಕ್ಷತ್ರವು ಹೊರಚೆಲ್ಲಿದ ಅನಿಲ ತಣಿದು ದೂಳಾಗಿ, ಆ ದೂಳಿನ ಮುಸುಕು ಬೆಳಕನ್ನು ಮರೆಮಾಡಿತೆಂದು ಚಿಲಿ ದೇಶದ ದೊಡ್ಡ ದೂರದರ್ಶಕಗಳಿಂದ ಪಡೆದ ಚಿತ್ರಗಳನ್ನು ಆಧರಿಸಿ 2021ರಲ್ಲಿ ಪ್ರಕಟವಾದ ಅಧ್ಯಯನ ವಿವರಿಸಿತು.

ಕರಾವಳಿಯ ಕೃಷಿಕನಿಗೆ ಈ ಶೋಧವನ್ನು ಹೇಳಲು ಹೊಸ ಪದವೊಂದೂ ಬೇಕಿಲ್ಲ. ಮಳೆಗೆ ಹೆಸರಾದ ಆರ್ದ್ರೆಯೇ ಮಂಕಾದ ನಕ್ಷತ್ರ. ಆದರೆ ಸುದ್ದಿ ‘ಬೀಟಲ್‌ಜ್ಯೂಸ್’ ಎಂಬ ಹೆಸರನ್ನು ಹೊತ್ತು ಬಂದರೆ, ಪರಿಚಿತವಾದುದೇ ಅಪರಿಚಿತವಾಗಿ ಬಾಗಿಲಿನಲ್ಲಿ ನಿಲ್ಲುತ್ತದೆ. ಸಂಶೋಧನೆ ಇಂಗ್ಲಿಷಿನಲ್ಲಿ ನಡೆಯುವುದು ಅನಿವಾರ್ಯ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಂಥ ಸಂಶೋಧನ ಕೇಂದ್ರಗಳ ಪ್ರಬಂಧಗಳೂ ಆ ಭಾಷೆಯಲ್ಲಿಯೇ ಪ್ರಕಟವಾಗುತ್ತವೆ. ಕನ್ನಡದ ಲೇಖಕನ ಹೊಣೆ ಅದನ್ನು ಪದಕ್ಕೆ ಪದವಾಗಿ ಇಳಿಸುವುದಲ್ಲ, ಓದುಗನ ಮನೆಯಲ್ಲಿ ಅದಕ್ಕೆ ಮೊದಲೇ ಇರುವ ಹೆಸರನ್ನು ಹುಡುಕುವುದು. ಶಾಸನಗಳಲ್ಲಿ ದಾಖಲಾದ ಗ್ರಹಣಗಳನ್ನು ಅಧ್ಯಯನ ಮಾಡಿದ ಬಿ.ಎಸ್. ಶೈಲಜಾ ಅವರ ಕಾರ್ಯ ಈ ದಿಕ್ಕಿನಲ್ಲಿ ಗಮನಾರ್ಹವಾದುದು. ದಾನದ ಮುಹೂರ್ತವನ್ನು ಹೇಳುವ ಕಲ್ಲು ಅಲ್ಲಿ ಆಕಾಶದ ಸಾಕ್ಷಿಯಾಗುತ್ತದೆ.

5. ಗುಮ್ಮಟ ಮತ್ತು ಬಯಲು

ಮಂಗಳೂರಿನ ಹೊರವಲಯದ ಪಿಲಿಕುಳದಲ್ಲಿ 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಸ್ವಾಮಿ ವಿವೇಕಾನಂದ ತಾರಾಲಯವು 18 ಮೀಟರ್ ವ್ಯಾಸದ ಗುಮ್ಮಟವನ್ನೂ ತ್ರಿ-ಆಯಾಮ ಪ್ರದರ್ಶನದ ವ್ಯವಸ್ಥೆಯನ್ನೂ ಹೊಂದಿದೆ. ಮುಂಗಾರಿನ ನಾಲ್ಕು ತಿಂಗಳು ಮೋಡದಿಂದ ಮುಚ್ಚಿಹೋಗುವ, ಉಳಿದ ತಿಂಗಳುಗಳಲ್ಲಿ ನಗರದ ದೀಪಗಳಿಂದ ತೊಳೆದುಹೋಗುವ ಈ ಆಕಾಶದ ಕೆಳಗೆ ಅಂಥ ಗುಮ್ಮಟದ ಅಗತ್ಯವನ್ನು ಅಲ್ಲಗಳೆಯುವಂತಿಲ್ಲ. ಆದರೆ ಮಾಧ್ಯಮವಾಗಿ ತಾರಾಲಯಕ್ಕೆ ಒಂದು ಸ್ವಭಾವಸಿದ್ಧ ಮಿತಿಯಿದೆ. ಅದು ಫಲಿತಾಂಶವನ್ನು ತೋರಿಸುವಷ್ಟು ಸುಲಭವಾಗಿ ಪ್ರಮಾಣವನ್ನು ತೋರಿಸಲಾರದು. ಶನಿಯ ಬಳೆಗಳ ನಡುವೆ ಹಾರಿಬಂದ ಪ್ರೇಕ್ಷಕನಿಗೆ ಬೆರಗು ಸಿಗುತ್ತದೆ. ಆ ಬಳೆಗಳು ಉಂಟೆಂದು ಮನುಷ್ಯನಿಗೆ ತಿಳಿದುದು ಹೇಗೆ ಎಂಬುದು ಸಿಗದಿರಬಹುದು. ಪ್ರಮಾಣವಿಲ್ಲದ ಬೆರಗು ಪುರಾಣಶ್ರವಣದ ಬೆರಗಿಗಿಂತ ಬಹಳ ಭಿನ್ನವಾದುದಲ್ಲ.

2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣ ಈ ಪ್ರಶ್ನೆಯನ್ನು ಬಯಲಿಗೆ ತಂದಿತು. ಕಾಸರಗೋಡು ಜಿಲ್ಲೆಯ ಚೆರುವತ್ತೂರು ಅದರ ಪಥದ ಮಧ್ಯರೇಖೆಯ ಬಳಿಯಲ್ಲಿತ್ತು. ಗ್ರಹಣದ ವೇಳೆ ಉಪವಾಸವಿರುವ, ಹೊರಗೆ ಬಾರದಿರುವ ರೂಢಿ ಕರಾವಳಿಯಲ್ಲಿ ಇಂದಿಗೂ ಇದೆ. ಇದನ್ನು ಬರಿಯ ಅಜ್ಞಾನವೆಂದು ತಳ್ಳಿಹಾಕುವ ಬರಹಗಳು ಒಂದು ಸೂಕ್ಷ್ಮವನ್ನು ಗಮನಿಸುವುದಿಲ್ಲ. ಗ್ರಹಣದ ಹೊತ್ತನ್ನು ನಿಖರವಾಗಿ ಹೇಳುವ ಹೊತ್ತಗೆಯೇ ಗ್ರಹಣದ ಫಲವನ್ನೂ ಹೇಳುತ್ತದೆ. ಹೊತ್ತು ಸರಿಯಾಗಿ ಬಂದುದರಿಂದ ಫಲವೂ ಸರಿಯಾಗಿರಬೇಕೆಂದು ಓದುಗನು ನಂಬುತ್ತಾನೆ. ಗಣಿತದ ಗೌರವ ಹೀಗೆ ಫಲಜ್ಯೋತಿಷ್ಯಕ್ಕೆ ವರ್ಗವಾಗುತ್ತದೆ. ಈ ಎರಡನ್ನೂ ಬಿಡಿಸಿ, ಮೊದಲನೆಯದನ್ನು ಓದುಗನು ತಾನೇ ಪರೀಕ್ಷಿಸಬಲ್ಲನೆಂದೂ ಎರಡನೆಯದಕ್ಕೆ ಅಂಥ ಪರೀಕ್ಷೆಯ ಆಧಾರವಿಲ್ಲವೆಂದೂ ತೋರಿಸುವುದು ಖಗೋಳ ಬರಹದ ಕರ್ತವ್ಯ. ಪಂಚಾಂಗವನ್ನು ನಿಂದಿಸುವುದರಿಂದ ಈ ಕೆಲಸ ಆಗದು. ಅದನ್ನು ಎಚ್ಚರದಿಂದ ಓದಿಸುವುದರಿಂದ ಆದೀತು.

ಪರೀಕ್ಷೆಗೆ ದುಬಾರಿ ಉಪಕರಣಗಳು ಬೇಕೆಂದಿಲ್ಲ. ಮಾರ್ಚ್ 21ರ ಸುಮಾರಿಗೆ ಪಣಂಬೂರಿನ ಕಡಲತೀರದಲ್ಲಿ ನಿಂತವನು ಸೂರ್ಯನು ನೇರ ಪಶ್ಚಿಮದಲ್ಲಿ ಮುಳುಗುವುದನ್ನು ಕಾಣಬಹುದು. ಬಿಸುವಿನ ಸಂಜೆ ಅದೇ ಜಾಗದಲ್ಲಿ ನಿಂತರೆ ಸೂರ್ಯನು ಸುಮಾರು 9 ಡಿಗ್ರಿಗಳಷ್ಟು ಉತ್ತರಕ್ಕೆ ಸರಿದಿರುತ್ತಾನೆ. ಏಪ್ರಿಲ್ 24ರ ಸುಮಾರಿಗೆ ನಡುಹಗಲಿನಲ್ಲಿ ಮಂಗಳೂರಿನ ಅಂಗಳದಲ್ಲಿ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಹಬ್ಬದ ಹೆಸರಿನಲ್ಲಿ ಅಡಗಿರುವ 24 ದಿನಗಳ ಅಂತರವನ್ನು ಹೀಗೆ ಕಣ್ಣಿನಿಂದಲೇ ಅಳೆದವನಿಗೆ ಅಯನಚಲನವು ಪುಸ್ತಕದ ಮಾತಾಗಿ ಉಳಿಯುವುದಿಲ್ಲ.

6. ಉಪಸಂಹಾರ

ಖಗೋಳ ಸಂಶೋಧನೆಯನ್ನು ಎಲ್ಲರಿಗೂ ತಲುಪಿಸುವುದೆಂದರೆ ಅದನ್ನು ತೆಳುಗೊಳಿಸುವುದೆಂಬ ಭಾವನೆ ವಿದ್ವಾಂಸರಲ್ಲಿಯೂ ಜನಪ್ರಿಯ ಲೇಖಕರಲ್ಲಿಯೂ ಇದೆ. ಕಾರಂತರ ಕುತೂಹಲವಾಗಲಿ, ನಾರಾಯಣರಾಯರ ವೀಕ್ಷಣೆಯಾಗಲಿ ಈ ಭಾವನೆಯನ್ನು ಸಮರ್ಥಿಸುವುದಿಲ್ಲ. ಮೊದಲನೆಯದು ಓದುಗನನ್ನು ಸಮಾನನೆಂದು ಬಗೆಯಿತು. ಎರಡನೆಯದು ಅವನನ್ನು ಸಾಕ್ಷಿಯನ್ನಾಗಿ ಮಾಡಿತು. ಇವೆರಡೂ ಕೂಡಿದ ಬರಹ ಕನ್ನಡಕ್ಕೆ ಇನ್ನೂ ಹೆಚ್ಚಾಗಿ ಬೇಕಾಗಿದೆ. ಜಾತಕದ ಮೂಲಕ ಮಾತ್ರ ಆಕಾಶವನ್ನು ಬಲ್ಲ ಸಮಾಜಕ್ಕೆ ತನ್ನ ಪದಗಳ ಮೇಲೆ ತನಗೇ ಹಿಡಿತವಿರುವುದಿಲ್ಲ. ಆರ್ದ್ರಾ ಮಳೆಯನ್ನು ಎಣಿಸುವವನು ಡಿಸೆಂಬರಿನ ಒಂದು ಇರುಳು ಅಂಗಳಕ್ಕೆ ಬಂದು, ಪೂರ್ವದಲ್ಲಿ ಮೇಲೇರುತ್ತಿರುವ ಆ ಕೆಂಪು ನಕ್ಷತ್ರವನ್ನು ಗುರುತಿಸುವಂತೆ ಮಾಡಿದ ದಿನ, ಪದವೂ ಅದರ ವಸ್ತುವೂ ಮತ್ತೆ ಒಂದಾಗುತ್ತವೆ.