ಪ್ರತಿಭೆ ನಿಮ್ಮದು, ಒಡೆತನ ಯಾರದು?

ಒಂದು ಜನದ ಸ್ಥಿತಿ ಏನು ಅಂತ ತಿಳಿಯಬೇಕಾದರೆ ಅದರ ಕಾವ್ಯ ಓದಿದರೆ ಸಾಲದು. ಹೊಟ್ಟೆಪಾಡಿನ ಬಗ್ಗೆ ಅದು ಆಡುವ ಮಾತನ್ನೂ ಓದಬೇಕು. ಲಾಗೋಸ್, ನೈರೋಬಿಯ ಕಂಪ್ಯೂಟರ್ ಇಂಜಿನಿಯರುಗಳು ತಮ್ಮ ಕೆಲಸ, ಕಂಪನಿ, ಮುಂದಿನ ದಾರಿಯ ಬಗ್ಗೆ ಈ ಹತ್ತು ಹನ್ನೆರಡು ವರ್ಷಗಳಿಂದ ಆಡುತ್ತಿರುವ ಮಾತನ್ನು ನಾನಿಲ್ಲಿ ಒಂದು ಕೃತಿಯ ಹಾಗೆ ಓದುತ್ತಿದ್ದೇನೆ. ಈ ಕೃತಿಯಲ್ಲಿ ಮೂರು ಶಬ್ದ ಮತ್ತೆ ಮತ್ತೆ ಬರುತ್ತವೆ. ಒಂದು ಟ್ಯಾಲೆಂಟ್, ಎರಡು ಸ್ಟಾರ್ಟಪ್, ಮೂರು ಜಪಾ. ಮೂರನ್ನೂ ಬಿಚ್ಚಿ ನೋಡೋಣ.

ಮೊದಲು ಟ್ಯಾಲೆಂಟ್. ಕನ್ನಡದಲ್ಲಿ ಇದಕ್ಕೆ ಪ್ರತಿಭೆ ಅಂತಾರೆ. ನಮ್ಮ ಕಡೆ ಈ ಮಾತು ಯಾರ ಬಾಯಲ್ಲಿ, ಯಾರನ್ನು ಹೊರಗಿಡೋದಕ್ಕೆ ಬರುತ್ತೆ ಅನ್ನೋದನ್ನ ಮನೆಯಲ್ಲಿ ಮೊದಲು ಡಿಗ್ರಿ ಕಂಡ ನನ್ನಂಥವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆಫ್ರಿಕಾದಲ್ಲಿ ಅದು ಹೊಗಳಿಕೆಯ ವೇಷದಲ್ಲಿ ಬಂತು. 2014ರಲ್ಲಿ ಲಾಗೋಸಿನಲ್ಲಿ ಆಂಡೆಲಾ ಎಂಬ ಕಂಪನಿ ಶುರುವಾಯಿತು. ಬುದ್ಧಿವಂತರು ಲೋಕದ ಎಲ್ಲ ಕಡೆ ಇದ್ದಾರೆ, ಅವರಿಗೆ ಸಿಗುವ ಅವಕಾಶ ಮಾತ್ರ ಸಮವಾಗಿಲ್ಲ ಅನ್ನೋದು ಅದರ ವಾದ. ಸುಳ್ಳಲ್ಲ. ಅರ್ಜಿ ಹಾಕಿದ ಸಾವಿರಾರು ಹುಡುಗ ಹುಡುಗಿಯರಲ್ಲಿ ಕೆಲವರನ್ನು ಆರಿಸಿ, ಸಂಬಳ ಕೊಟ್ಟು ಕಲಿಸಿ, ಅಮೆರಿಕದ ಕಂಪನಿಗಳ ಕೆಲಸಕ್ಕೆ ಹಚ್ಚುವುದು ಆಗ ಅದರ ವ್ಯವಹಾರವಾಗಿತ್ತು. 2016ರಲ್ಲಿ ಫೇಸ್‌ಬುಕ್‌ನ ಜುಕರ್‌ಬರ್ಗ್ ದಂಪತಿಯ ಸಂಸ್ಥೆ ಮುಂದೆ ನಿಂತು, ಆಂಡೆಲಾಕ್ಕೆ 2.4 ಕೋಟಿ ಡಾಲರ್ ಬಂಡವಾಳ ಬಂತು. 2019ರ ಸೆಪ್ಟೆಂಬರಿನಲ್ಲಿ ಆಂಡೆಲಾ ತನ್ನ ಗಿರಾಕಿಗಳಿಗೆ ಅನುಭವಸ್ಥರು ಬೇಕು, ಹೊಸಬರು ಬೇಡ ಅಂತ ಹೇಳಿ ನೈಜೀರಿಯಾ, ಉಗಾಂಡಾಗಳಲ್ಲಿ ಸುಮಾರು 250 ಮಂದಿಯನ್ನು ತೆಗೆಯಿತು. ಕೀನ್ಯಾದಲ್ಲಿ ಇನ್ನೂ 170 ಮಂದಿಯವರೆಗೆ ಕೆಲಸ ಹೋಗಬಹುದು ಅಂದಿತು. 2021ರಲ್ಲಿ ಅದೇ ಕಂಪನಿಗೆ 150 ಕೋಟಿ ಡಾಲರ್ ಬೆಲೆ ಕಟ್ಟಲಾಯಿತು.

ಅಲ್ಲಿ ಕಲಿತವರು ಮುಂದೆ ತಾವೇ ಕಂಪನಿ ಕಟ್ಟಿದ್ದೂ ಉಂಟು. ಅದನ್ನು ಅಲ್ಲಗಳೆಯುವುದಿಲ್ಲ. ನನ್ನ ಪ್ರಶ್ನೆ ಬೇರೆ. ಕೆಲಸದಿಂದ ತೆಗೆದ ದಿನ ಆ ಹುಡುಗರ ಪ್ರತಿಭೆ ಎಲ್ಲಿ ಹೋಯಿತು? ಎಲ್ಲೂ ಹೋಗಲಿಲ್ಲ. ಗಿರಾಕಿ ಹೋದ, ಅಷ್ಟೆ. ಹಾಗಾದರೆ ಈ ಮಾತಿನಲ್ಲಿ ಪ್ರತಿಭೆ ಅನ್ನೋದು ಮನುಷ್ಯನ ಗುಣವಲ್ಲ, ಸಂತೆಯ ದರ. ದರ ಗೊತ್ತುಮಾಡುವವನು ಸಂತೆಯಲ್ಲೇ ಇರೋದಿಲ್ಲ, ಸಮುದ್ರದ ಆಚೆ ಇರುತ್ತಾನೆ.

ಇನ್ನು ಸ್ಟಾರ್ಟಪ್. ದುಡಿಯೋದು ಬೇಡ, ನಾವೇ ಒಡೆಯರಾಗೋಣ ಅನ್ನುವ ಆಸೆ ಈ ಮಾತಿನಲ್ಲಿದೆ. ಆಸೆ ನ್ಯಾಯವಾದದ್ದೇ. ಆದರೆ ಒಡೆತನ ಎಲ್ಲಿದೆ ನೋಡಿ. ಲಾಗೋಸಿನಲ್ಲಿ 2012ರಲ್ಲಿ ಶುರುವಾದ ಜುಮಿಯಾ 2019ರ ಏಪ್ರಿಲಿನಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ಹೋಯಿತು. ಆಫ್ರಿಕಾದ ಕಂಪನಿ ಅಮೆರಿಕ ಗೆದ್ದಿತು ಅಂತ ಪತ್ರಿಕೆಗಳು ಬರೆದವು. ಅಲ್ಲಿನ ಇಂಜಿನಿಯರುಗಳೇ ತಗಾದೆ ತೆಗೆದರು. ಕಂಪನಿ ನೋಂದಾವಣೆಯಾದದ್ದು ಜರ್ಮನಿಯಲ್ಲಿ, ನಡೆಸುವವರು ಫ್ರೆಂಚರು, ಇಂಜಿನಿಯರುಗಳ ಪಡೆ ಇದ್ದದ್ದು ಪೋರ್ಚುಗಲ್‌ನಲ್ಲಿ. ಆಫ್ರಿಕಾದ್ದು ಅಂತ ಉಳಿದದ್ದು ಕೊಳ್ಳುವವರು, ಮೂಟೆ ಹೊರುವವರು, ಮನೆ ಮನೆಗೆ ಸಾಮಾನು ಮುಟ್ಟಿಸುವವರು. ಈ ತಗಾದೆಯನ್ನು ನಾನು ಒಳ್ಳೆ ವಿಮರ್ಶೆ ಅಂತ ಕರೆಯುತ್ತೇನೆ. ಅದು ಹೆಸರನ್ನು ಬಿಟ್ಟು ದಸ್ತಾವೇಜು ನೋಡಿತು.

ಆದರೆ ಅದೇ ಕಣ್ಣನ್ನು ತಮ್ಮ ಕಡೆಗೂ ತಿರುಗಿಸಬೇಕು. ಬಂಡವಾಳ ಹೂಡುವವರು ಕೇಳಿದರು ಅಂತ ನೈಜೀರಿಯಾದ ಎಷ್ಟೋ ಹುಡುಗರು ತಮ್ಮ ಕಂಪನಿಯನ್ನು ಅಮೆರಿಕದ ಡೆಲವೇರ್ ರಾಜ್ಯದಲ್ಲಿ ನೋಂದಾಯಿಸುತ್ತಾರೆ. ಕೀನ್ಯಾದ ಹೆಮ್ಮೆ ಅನ್ನಿಸಿಕೊಂಡ ಎಂ-ಪೆಸಾ 2007ರಲ್ಲಿ ಬಂತು. ಫೋನಿನಲ್ಲೇ ಹಣ ಕಳಿಸುವುದನ್ನು ಬಡವರ ಕೈಗೆ ಕೊಟ್ಟಿತು, ದೊಡ್ಡ ಕೆಲಸ. ಆದರೆ ಅದರ ಸರ್ವರುಗಳು 2015ರವರೆಗೆ ಜರ್ಮನಿಯಲ್ಲಿದ್ದವು. ನೈರೋಬಿಯಲ್ಲಿ ಸೊಪ್ಪು ಮಾರುವ ಹೆಂಗಸು ಪಕ್ಕದ ಅಂಗಡಿಯವನಿಗೆ ಹಣ ಕಳಿಸಿದರೂ ಲೆಕ್ಕ ಯುರೋಪಿಗೆ ಹೋಗಿ ಬರಬೇಕಿತ್ತು. ಎಂ-ಪೆಸಾ ಎಂಬ ಹೆಸರಿನ ಹಕ್ಕು 2020ರವರೆಗೂ ಬ್ರಿಟನ್ನಿನ ವೊಡಾಫೋನ್ ಕೈಲಿತ್ತು. ವಸಾಹತುಶಾಹಿ ಹೋದ ಮೇಲೂ ಅದರ ಪೆಟ್ಟಿಗೆಯ ಬೀಗದ ಕೈ ಅಲ್ಲೇ ಉಳಿದಿರುತ್ತೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕೆ?

ಮೂರನೆಯದು ಜಪಾ. ಇದು ನಮ್ಮ ಜಪ ಅಲ್ಲ. ಯೊರುಬಾ ಭಾಷೆಯ ಮಾತು. ತಪ್ಪಿಸಿಕೊಂಡು ಓಡು ಅಂತ ಅರ್ಥ. ಆದರೂ ಇವತ್ತು ನೈಜೀರಿಯಾದ ಓದಿದ ಹುಡುಗರು ಅದನ್ನು ಜಪದ ಹಾಗೇ ಹೇಳುತ್ತಾರೆ. ಲಂಡನ್ನಿಗೆ ಜಪಾ, ಟೊರಾಂಟೋಗೆ ಜಪಾ. ಬ್ರಿಟನ್ 2020ರಲ್ಲಿ ಒಂದು ವೀಸಾಕ್ಕೆ 'ಗ್ಲೋಬಲ್ ಟ್ಯಾಲೆಂಟ್' ಅಂತಲೇ ಹೆಸರಿಟ್ಟಿತು. ಮೊದಲ ಮಾತಿಗೂ ಮೂರನೆಯ ಮಾತಿಗೂ ಗಂಟು ಬಿದ್ದದ್ದು ಹೀಗೆ.

ಓಡುವವರನ್ನು ಹೀಯಾಳಿಸುವುದು ಸುಲಭ. ದೇಶಭಕ್ತಿಯ ಪಾಠ ಹೇಳುವವರು ಆ ಕೆಲಸ ಮಾಡಲಿ, ನಾವು ಬೇಡ. ಯಾಕೆ ಓಡುತ್ತಾರೆ ಅಂತ ಕೇಳೋಣ. ನೈಜೀರಿಯಾದಲ್ಲಿ ಸಾರ್ಸ್ ಎಂಬ ಪೊಲೀಸ್ ಪಡೆ ಇತ್ತು, ದರೋಡೆ ತಡೆಯೋದಕ್ಕೆ ಅಂತ 1992ರಲ್ಲಿ ಮಾಡಿದ್ದು. ಹುಡುಗನ ಹೆಗಲಲ್ಲಿ ಲ್ಯಾಪ್‌ಟಾಪ್ ಚೀಲ, ಕೈಲಿ ಒಳ್ಳೆ ಫೋನು ಕಂಡರೆ ಇವನು ಮೋಸಗಾರನೇ ಅಂತ ಹಿಡಿಯೋರು, ಬಡಿಯೋರು, ದುಡ್ಡು ಕಿತ್ತುಕೊಳ್ಳೋರು. ನಿನ್ನಂಥವನಿಗೆ ಇದೆಲ್ಲ ಎಲ್ಲಿಂದ ಬಂತು ಅನ್ನುವ ಪ್ರಶ್ನೆ ಅದು. ಹೊಸ ಅಂಗಿ ತೊಟ್ಟು ಊರೊಳಗೆ ಹೋದವರಿಗೆ ಈ ಪ್ರಶ್ನೆಯ ಧಾಟಿ ಗೊತ್ತು.

2019ರಲ್ಲಿ ಒಬ್ಬ ಇಂಜಿನಿಯರನ್ನು ಹೀಗೆ ಹಿಡಿದಾಗ ಲಾಗೋಸಿನ ಇಂಜಿನಿಯರುಗಳು 'ನಮ್ಮನ್ನು ದೋಚುವುದು ನಿಲ್ಲಿಸಿ' ಅಂತ ಚಳವಳಿ ಹೂಡಿದರು. ಮರುವರ್ಷ ಅಕ್ಟೋಬರಿನಲ್ಲಿ ಇಡೀ ದೇಶದ ಯುವಜನ ಬೀದಿಗಿಳಿಯಿತು. ಆ ತಿಂಗಳ ಎರಡು ತಾರೀಕು ಗಮನಿಸಿ. 2020ರ ಅಕ್ಟೋಬರ್ 15ರಂದು ಲಾಗೋಸಿನ ಇಬ್ಬರು ಕಟ್ಟಿದ ಪೇಸ್ಟ್ಯಾಕ್ ಕಂಪನಿಯನ್ನು ಅಮೆರಿಕದ ಸ್ಟ್ರೈಪ್ 20 ಕೋಟಿ ಡಾಲರಿಗೂ ಮಿಗಿಲಾಗಿ ಕೊಂಡಿತು ಅಂತ ಸುದ್ದಿ. ಅಕ್ಟೋಬರ್ 20ರ ರಾತ್ರಿ ಅದೇ ಲಾಗೋಸಿನ ಲೆಕ್ಕಿ ಟೋಲ್‌ಗೇಟಿನಲ್ಲಿ ಸೈನಿಕರು ಪ್ರತಿಭಟನಕಾರರ ಮೇಲೆ ಗುಂಡು ಹಾರಿಸಿದರು. ಐದು ದಿನಗಳ ಅಂತರದಲ್ಲಿ ಒಂದೇ ಊರಿನ ಎರಡು ಬೆಲೆ. ಯಶಸ್ಸಿನ ಕಥೆ ಬರೆಯುವವರು ಮೊದಲನೆಯದನ್ನು ಮಾತ್ರ ಬರೆಯುತ್ತಾರೆ.

ಆದರೆ ಈ ಕೃತಿಯ ಅತ್ಯುತ್ತಮ ಅಧ್ಯಾಯವೂ ಅದೇ ತಿಂಗಳಲ್ಲಿದೆ. ಫೆಮಿನಿಸ್ಟ್ ಕೊಯಲಿಷನ್ ಎಂಬ ಹೆಣ್ಣುಮಕ್ಕಳ ಸಂಘಟನೆ ಚಳವಳಿಗೆ ಹಣ ಕೂಡಿಸಿತು. ಅದನ್ನು ಕಟ್ಟಿದವರಲ್ಲಿ ಒಬ್ಬರು ಒಡುನಾಯೊ ಎವೆನಿಯಿ, ಪಿಗ್ಗಿವೆಸ್ಟ್ ಎಂಬ ಉಳಿತಾಯದ ಸ್ಟಾರ್ಟಪ್ ಕಟ್ಟಿದವರಲ್ಲೂ ಒಬ್ಬರು. ಹಣದ ಖಾತೆ ಮುಚ್ಚಿಸಿದಾಗ ಬಿಟ್‌ಕಾಯಿನ್ ದಾರಿ ಹಿಡಿದರು. ಅಲ್ಲಿ ತಂತ್ರಜ್ಞಾನ ಕೆರಿಯರ್ ಆಗಿರಲಿಲ್ಲ, ಆಯುಧವಾಗಿತ್ತು. 'ನಾನು' ಅನ್ನೋದು 'ನಾವು' ಆಗಿತ್ತು.

ಈ 'ನಾವು' ಎಷ್ಟು ದೂರ ಹೋಯಿತು? 2019ರ ಚಳವಳಿಯ ಮುಂದಾಳು ಬೋಸುನ್ ಟಿಜಾನಿ 2023ರಲ್ಲಿ ಮಂತ್ರಿಯಾದರು. 30 ಲಕ್ಷ ಜನರಿಗೆ ಕಂಪ್ಯೂಟರ್ ಕೆಲಸ ಕಲಿಸುವ ಯೋಜನೆ ತಂದರು. ಕಲಿಸುವುದು ಒಳ್ಳೇದೇ. ಆದರೆ ಅದರ ಹೆಸರಿನಲ್ಲಿ ಮತ್ತೆ ಅದೇ 'ಟ್ಯಾಲೆಂಟ್', ಅದರ ಗುರಿಯಲ್ಲಿ ಅದನ್ನು ಹೊರದೇಶಕ್ಕೆ ರಫ್ತು ಮಾಡುವ ಮಾತು. ಕೋಕೋ, ಎಣ್ಣೆಯ ಸಾಲಿಗೆ ಮನುಷ್ಯನ ತಲೆಯೂ ಸೇರಿತು.

ಈ ಕೃತಿಯ ದೊಡ್ಡ ಮೌನ ಇನ್ನೊಂದಿದೆ. ನೈರೋಬಿಯಲ್ಲಿ ಸಾಮಾ ಎಂಬ ಗುತ್ತಿಗೆ ಕಂಪನಿಯ ಕೆಳಗೆ ಕೂತು, ಫೇಸ್‌ಬುಕ್ಕಿಗೆ ಬಂದು ಬೀಳುವ ಕೊಲೆ, ಅತ್ಯಾಚಾರದ ಚಿತ್ರಗಳನ್ನು ತಾವು ಮೊದಲು ನೋಡಿ, ನಮ್ಮ ಕಣ್ಣಿಗೆ ಬೀಳದಂತೆ ತೆಗೆದವರಿದ್ದಾರೆ. ಅದೇ ಕಂಪನಿಯಲ್ಲಿ ಚಾಟ್‌ಜಿಪಿಟಿಯ ಬಾಯಿ ಶುದ್ಧ ಮಾಡಲು ಹೊಲಸು ಬರಹಗಳನ್ನು ಓದಿ ಓದಿ ಗುರುತು ಹಾಕಿದವರಿಗೆ ಗಂಟೆಗೆ 2 ಡಾಲರಿಗೂ ಕಡಿಮೆ ಸಿಕ್ಕಿತು ಅಂತ ಟೈಮ್ ಪತ್ರಿಕೆ 2023ರ ಜನವರಿಯಲ್ಲಿ ಬಯಲು ಮಾಡಿತು. ಯಂತ್ರಯುಗದಲ್ಲೂ ಹೊಲಸು ಬಾಚುವ ಕೆಲಸ ಯಾರದೋ ಒಬ್ಬರ ಪಾಲಿಗೇ ಬರುತ್ತದೆ. ಇಂಜಿನಿಯರುಗಳ ಸಭೆಗಳಲ್ಲಿ ಇವರಿಗೆ ಟ್ಯಾಲೆಂಟ್ ಅಂತ ಯಾರೂ ಅನ್ನಲಿಲ್ಲ. ತಮ್ಮ ಮೇಲಿನ ಮೆಟ್ಟಿಲನ್ನು ಕಂಡು ಸಿಟ್ಟಾಗುವವರು ತಮ್ಮ ಕೆಳಗಿನ ಮೆಟ್ಟಿಲನ್ನು ಕಾಣಲಿಲ್ಲ.

ಕೆಳಗಿನವರು ಕಾಯುತ್ತಾ ಕೂರಲಿಲ್ಲ. ಸಂಘ ಕಟ್ಟಲು ಹೋದದ್ದಕ್ಕೇ ಕೆಲಸ ಕಳೆದುಕೊಂಡೆ ಅಂತ ಡೇನಿಯಲ್ ಮೊಟಾಂಗ್ 2022ರಲ್ಲಿ ನೈರೋಬಿಯಲ್ಲಿ ದಾವೆ ಹೂಡಿದರು. 2023ರ ಮೇ 1ರಂದು 150ಕ್ಕೂ ಹೆಚ್ಚು ಕೆಲಸಗಾರರು ಕೂಡಿ ಸಂಘ ಕಟ್ಟುವ ತೀರ್ಮಾನ ಮಾಡಿದರು. ಫೇಸ್‌ಬುಕ್ಕಿನ ಒಡೆಯ ಕಂಪನಿಯನ್ನು ಕೀನ್ಯಾದಲ್ಲೇ ವಿಚಾರಣೆಗೆ ಎಳೆಯಬಹುದು ಅಂತ 2024ರ ಸೆಪ್ಟೆಂಬರಿನಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿತು. ಒಡೆತನದ ಪ್ರಶ್ನೆಯನ್ನು ನೇರವಾಗಿ ಕೇಳಿದವರು ಇವರು, ಲ್ಯಾಪ್‌ಟಾಪಿನ ಮುಂದೆ ಕೂತೂ ಇಂಜಿನಿಯರ್ ಅನ್ನಿಸಿಕೊಳ್ಳದವರು.

ಆದ್ದರಿಂದ ಮೇಷ್ಟ್ರುಗಳಿಗೆ, ವಿದ್ಯಾರ್ಥಿ ಗೆಳೆಯರಿಗೆ ಒಂದು ಮಾತು. ಆಫ್ರಿಕಾದ ಯಶಸ್ಸಿನ ಕಥೆ ಯಾರಾದರೂ ಹೇಳಿದರೆ ಪೂರ್ತಿ ಕೇಳಿ. ಕಪ್ಪು ಜನರಿಗೆ ಇದೆಲ್ಲ ಆಗುತ್ತಾ ಅನ್ನುವ ಕೊಂಕಿಗೆ ಅದು ಒಳ್ಳೆ ಉತ್ತರ. ಕೇಳಿ ಆದಮೇಲೆ ಮೂರು ಪ್ರಶ್ನೆ ಹಾಕಿ. ಕಟ್ಟಿದವರು ಯಾರು? ಅದರ ದಸ್ತಾವೇಜು ಯಾರ ಕೈಲಿದೆ? ಅದರ ಹೊಲಸು ಬಾಚಿದವರ ಹೆಸರು ಕಥೆಯಲ್ಲಿ ಯಾಕಿಲ್ಲ? ಈ ಮೂರಕ್ಕೂ ಉತ್ತರ ಇರುವ ಕಥೆಯನ್ನು ಲಾಗೋಸಿನ ಇಂಜಿನಿಯರುಗಳೂ ನೈರೋಬಿಯ ಆ ಕೆಲಸಗಾರರೂ ಒಂದೇ ಜಮಖಾನದ ಮೇಲೆ ಕೂತು ಬರೆಯಬೇಕಾಗಿದೆ.