ಇಳಕಲ್ಲಿನ ರೋಗಿಗೆ ಯಾವ ಟಿಕೆಟ್?

ಕ್ಯಾನ್ಸರ್ ರೋಗಿಗಳಿಗೆ ರೈಲ್ವೆ ಕೊಡುವ ರಿಯಾಯಿತಿ ತುಂಬ ಉದಾರವಾದದ್ದು. ಸ್ಲೀಪರ್ ಮತ್ತು ಎ.ಸಿ. ತ್ರೀ ಟಯರ್‌ನಲ್ಲಿ ರೋಗಿಗೆ ಟಿಕೆಟ್ ದರವೇ ಇಲ್ಲ. ಜೊತೆಗೆ ಹೋಗುವ ಒಬ್ಬರಿಗೆ ಶೇ. 75ರಷ್ಟು ಕಡಿತ. 2020ರಲ್ಲಿ ಹಿರಿಯ ನಾಗರಿಕರ ರಿಯಾಯಿತಿ ನಿಲ್ಲಿಸಿದಾಗಲೂ ರೋಗಿಗಳದ್ದನ್ನು ಉಳಿಸಿಕೊಂಡರು. ಇದನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಇದನ್ನು ಬಾಗಲಕೋಟೆ ಜಿಲ್ಲೆಯ ದಾರಿಗಳ ಮೇಲಿಟ್ಟು ನೋಡಬೇಕು.

ಬಾಗಲಕೋಟೆ, ಬಾದಾಮಿಯವರು ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದರೆ ಹುಬ್ಬಳ್ಳಿ ತಲುಪಬಹುದು, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಿರುವ ಬೆಂಗಳೂರನ್ನೂ ತಲುಪಬಹುದು. ಆದರೆ ಅದೇ ಜಿಲ್ಲೆಯ ಹುನಗುಂದ, ಇಳಕಲ್ಲಿಗೆ ರೈಲಿಲ್ಲ. 2025ರಲ್ಲಿ ಪಕ್ಕದ ಕುಷ್ಟಗಿಗೆ ಹುಬ್ಬಳ್ಳಿಯಿಂದ ರೈಲು ಬಂತು, ಆದರೆ ಕುಷ್ಟಗಿ ತಲುಪಲೂ ಬಸ್ಸೇ ಗತಿ.

ಇನ್ನೊಂದು ತೊಡಕು ಚಿಕಿತ್ಸೆಯದೇ. ಕಿಮೋಗೆ ಹೋದ ದಿನ ರಕ್ತ ಪರೀಕ್ಷೆಯಲ್ಲಿ ಬಿಳಿ ರಕ್ತಕಣ ಕಡಿಮೆಯಿದ್ದರೆ ‘ಮುಂದಿನ ವಾರ ಬರ್ರಿ’ ಎಂದು ಕಳಿಸುತ್ತಾರೆ. ಮುಂಗಡ ಕಾಯ್ದಿರಿಸಿದ ಟಿಕೆಟ್ ವ್ಯರ್ಥ; ತತ್ಕಾಲ್‌ನಲ್ಲಿ ರಿಯಾಯಿತಿ ಇಲ್ಲ. ಇನ್ನೂ ರೋಗ ಖಚಿತವಾಗದೆ, ಬಾಯಲ್ಲಿ ಹುಣ್ಣು, ಎದೆಯಲ್ಲಿ ಗಂಟು ಎಂದು ತೋರಿಸಲು ಹೊರಟವರಿಗಂತೂ ರಿಯಾಯಿತಿಗೆ ಬೇಕಾದ ವೈದ್ಯರ ಪ್ರಮಾಣಪತ್ರವೇ ಇರುವುದಿಲ್ಲ. ಬೇಗ ಹೋಗಬೇಕಾದ ಆ ಮೊದಲ ಪ್ರಯಾಣವನ್ನೇ ದುಡ್ಡಿಲ್ಲದ ಮನೆಗಳು ಮುಂದೂಡುತ್ತವೆ. ಈ ರಿಯಾಯಿತಿಯ ದೊಡ್ಡ ಕೊರತೆ ಇದು.

ರೋಗಿಗಳಿಗೆಂದು ರೂಪಿಸದ ಶಕ್ತಿ ಯೋಜನೆ ಇಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ಶೂನ್ಯ ಟಿಕೆಟ್. ವೈದ್ಯರ ಸಹಿ, ಆಸ್ಪತ್ರೆಯ ಮೊಹರು ಬೇಡ. ಗುರುತಿನ ಚೀಟಿ ಸಾಕು, ತಾರೀಖು ಬದಲಾದರೂ ಚಿಂತೆಯಿಲ್ಲ. ಸ್ತನ, ಗರ್ಭಕೊರಳಿನ ಕ್ಯಾನ್ಸರ್ ಇರುವ ಬಡ ಹೆಣ್ಣುಮಗಳಿಗೆ ಇದು ನಿಜವಾದ ಆಸರೆ. ಆದರೆ ಗುಟ್ಕಾದಿಂದ ಬಾಯಿ ಕ್ಯಾನ್ಸರ್ ತಂದುಕೊಂಡ ನೇಕಾರನಿಗೆ, ಹೆಂಡತಿಯನ್ನು ಕರೆದೊಯ್ಯುವ ಗಂಡನಿಗೆ ಅದಿಲ್ಲ. ಮಗ್ಗ ನಿಂತ ದಿನ ಕೂಲಿಯೂ ಇಲ್ಲ, ಮೇಲೆ ಬಸ್ಸಿನ ಖರ್ಚು. 108 ಆಂಬುಲೆನ್ಸ್ ತುರ್ತು ಸ್ಥಿತಿಗೆ ಮಾತ್ರ.

‘ಕರೆಂಟ್ ಕೊಡುವ’ ವಿಕಿರಣ ಚಿಕಿತ್ಸೆಗೆ ಯಾವ ಟಿಕೆಟ್ಟೂ ಸಾಲದು. ವಾರಕ್ಕೆ ಐದು ದಿನ, ಹಲವು ವಾರ; ನೂರಾರು ಕಿಲೋಮೀಟರ್ ದಿನವೂ ಹೋಗಿ ಬರಲಾಗದು. ಅಲ್ಲಿ ಬೇಕಾದದ್ದು ವಸತಿ. ಕಿದ್ವಾಯಿಯಲ್ಲಿ ಇನ್ಫೋಸಿಸ್ ಪ್ರತಿಷ್ಠಾನ ಕಟ್ಟಿಸಿದ ಧರ್ಮಶಾಲೆ ಈ ಮಾತನ್ನು ಸರಿಯಾಗಿ ಅರಿತ ಕೆಲಸ.

ಕೇರಳ ಸರ್ಕಾರ 2025ರಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗಳಿಗೆ ತನ್ನ ಸಾರಿಗೆ ಬಸ್ಸುಗಳಲ್ಲಿ ಉಚಿತ ಪ್ರಯಾಣ ಘೋಷಿಸಿತು. ನಮ್ಮ ಸರ್ಕಾರವೂ ಶಕ್ತಿಯ ಶೂನ್ಯ ಟಿಕೆಟ್ಟನ್ನು ಹೆಣ್ಣು ಗಂಡೆನ್ನದೆ ಕ್ಯಾನ್ಸರ್ ರೋಗಿಗೂ ಜೊತೆಗಿರುವ ಒಬ್ಬರಿಗೂ ಕೊಡಲಿ; ತಪಾಸಣೆಗೆ ಬರೆದ ಚೀಟಿಯನ್ನೇ ಆಧಾರವಾಗಿ ಒಪ್ಪಲಿ. ಅಷ್ಟರಲ್ಲಿ, ನಿಮ್ಮ ಓಣಿಯಲ್ಲಿ ರೋಗಿಗಳಿದ್ದರೆ, ಆಸ್ಪತ್ರೆಯಿಂದ ಹೊರಡುವ ಮುನ್ನವೇ ರೈಲ್ವೆ ರಿಯಾಯಿತಿಯ ಫಾರ್ಮ್ ತುಂಬಿಸಿ, ಸಹಿ ಮೊಹರು ಹಾಕಿಸಿಕೊಳ್ಳಲು ಹೇಳಿ.